ಮರದ ಕೈವಾರ

ಕೂತ್ಕೋ ಝಿಪಾರ್, ಒಲೆಯ ಹತ್ತಿರ. ಆ ಕುರ್ಚಿ ಬೇಡ,
ಅದರ ಒಂದು ಕಾಲನ್ನು ನಂಬುವ ಹಾಗಿಲ್ಲ.
ಬಿಡುವು ಹದಿನೈದು ನಿಮಿಷ. ಹೊರಗೆ ಮೈನಸ್ ಇಪ್ಪತ್ತಾರು.
ಪೆನ್ನು ಬರೆಯದಿದ್ದರೆ ಕಂಕುಳಲ್ಲಿ ಇಟ್ಟುಕೋ.
ಓಶ್‌ನ ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟಿರಲಾರರು.

ಏಳನೇ ಬಿ ತಾನೆ? ಗೊತ್ತು.
ಗೋಡೆಯಾಚೆಗೆ ಎಲ್ಲ ಕೇಳಿಸಿತು: ನೀನು ಕಿರುಚಿದ್ದು,
ಆಮೇಲಿನ ನಿಶ್ಶಬ್ದ,
ಆಮೇಲೆ ಯಾರೋ ಕುರಿಯಂತೆ ಅರಚಿದ್ದು.
ಕುರಿಯ ದನಿ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು.
ಬೇಸಿಗೆಯಿಡೀ ಬೆಟ್ಟದ ಮೇಲೆ ಕಲಿತ ವಿದ್ಯೆ ಅದು.

ದನಿ ಏರಿಸಬೇಡ. ಇಳಿಸು.
ನಾನು ರೇಖಾಗಣಿತವನ್ನು ಪಿಸುಗುಡುತ್ತೇನೆ,
ಪಕ್ಕದ ಮನೆಯ ಗುಟ್ಟು ಹೇಳುವ ಹಾಗೆ:
"ತ್ರಿಕೋನದ ಮೂರು ಕೋನ ಕೂಡಿದರೆ
ನೂರಾ ಎಂಬತ್ತಂತೆ..."
ಆ "ಅಂತೆ" ಸಾಕು, ಕಿವಿಗಳು ತಾವಾಗಿ ಮುಂದೆ ಬರುತ್ತವೆ.
ನಿಜ ಹೇಳಿದರೆ ಯಾರಿಗೆ ಬೇಕು, ಚಾಡಿ ಹೇಳಬೇಕು.

ಕೆಂಜೆಬೆಕ್ ಒಪ್ಪುವುದಿಲ್ಲ. ನೋಡು,
ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ತಲೆ ಆಡಿಸುತ್ತಾನೆ.
"ಮೊದಲು ಕುದುರೆಯ ಹೆಸರು ಕೇಳು,
ಹುಡುಗನ ಹೆಸರು ಎರಡನೇ ವಾರಕ್ಕೆ ಸಾಕು."
ಭೂಗೋಳದವನು. ಅವನ ಗೋಡೆಯ ನಕಾಶೆಯಲ್ಲಿ
ನಮ್ಮ ಕಿರ್ಗಿಜ್ ನೆಲ ಇನ್ನೂ
ಸತ್ತುಹೋದ ದೊಡ್ಡ ದೇಶವೊಂದರ ಮೂಲೆ.
ಹೊಸದಕ್ಕೆ ದುಡ್ಡು ಬರಲಿಲ್ಲ,
ವರ್ಷವರ್ಷದ ಮಕ್ಕಳು ಪೆನ್ಸಿಲಿನಲ್ಲಿ ಗಡಿ ತಿದ್ದಿದ್ದಾರೆ.
"ಅದೇ ಪಾಠ," ಅನ್ನುತ್ತಾನೆ, ರೊಟ್ಟಿ ನುಂಗಿ.

ಸಾಯ್ರಾಳದು ಇನ್ನೊಂದು ಬಗೆ.
ವಾರಕ್ಕೊಮ್ಮೆ ಹಲಗೆಯ ಮೇಲೆ ಬೇಕೆಂದೇ ತಪ್ಪು ಬರೆಯುತ್ತಾಳೆ,
ಹಿಂದಿನ ಬೆಂಚಿನವನಿಗೆ ಕಾಣುವಷ್ಟು ದೊಡ್ಡದು,
ಮುಂದಿನ ಜಾಣೆಗೆ ಹೊಳೆಯದಷ್ಟು ಸಣ್ಣದು.
ಆ ಅಳತೆ ಕೈಗೆ ಕೂರಲು ಹನ್ನೊಂದು ವರ್ಷ ಹಿಡಿಯಿತಂತೆ.
ಈಚೆಗೆ ಬೇಡದ ತಪ್ಪೂ ಬೀಳುತ್ತಿವೆ,
ಎಂದು ಕನ್ನಡಕ ಒರೆಸುತ್ತಾಳೆ.
ಯಾವುದು ಯಾವುದೆಂದು ನಾವು ಕೇಳುವುದಿಲ್ಲ.

ಚಹಾ ಕುಡಿ. ಜೇಬಿನಿಂದ ಕೈ ತೆಗೆ.
ಆ ಮಡಚಿದ ಕಾಗದವನ್ನು ನಾನು ನೋಡಿದೆ, ಬಿಡು.
ನಾನೂ ಬರೆದಿದ್ದೇನೆ ರಾಜೀನಾಮೆ, ಮೂರು ಸಲ.
ಒಂದು ಇದೇ ಒಲೆ ಹೊತ್ತಿಸಿತು.
ಒಂದನ್ನು ಹೆಡ್‌ಮಾಸ್ತರರು ಓದಿ
ಎರಡು ಕಾಗುಣಿತ ತಿದ್ದಿ ವಾಪಸು ಕೊಟ್ಟರು.
ಮೂರನೆಯದು ಮೇಜಿನ ಡ್ರಾಯರಿನಲ್ಲೇ ಇದೆ.
ಅದಿದೆಯಲ್ಲ ಎಂಬ ಧೈರ್ಯದ ಮೇಲೆ
ಎಷ್ಟೋ ಫೆಬ್ರವರಿಗಳನ್ನು ದಾಟಿದ್ದೇನೆ.

ಯಾಕೆ ಉಳಿದೆ ಅಂದರೆ... ಸಂಬಳಕ್ಕಲ್ಲ,
ಅದು ಕಲ್ಲಿದ್ದಲಿಗೇ ಸಾಲದು.
ಆ ಮೂಲೆಯಲ್ಲಿದೆ ನೋಡು, ಹಲಗೆಯ ಕೈವಾರ.
ಎರ್ಗೆಷ್ ಎಂಬ ಹುಡುಗ ಅದರ ಕಾಲು ಮುರಿದ,
ಕತ್ತಿವರಸೆ ಆಡಿ. ಬೈದೆ. ತುಸು ಹೆಚ್ಚೇ ಬೈದೆ.
ಎಂಟು ದಿನ ಶಾಲೆಗೆ ಬರಲಿಲ್ಲ.
ಒಂಬತ್ತನೆಯ ದಿನ ಬಂದ, ಬೆರಳಿಗೆ ಬಟ್ಟೆ ಸುತ್ತಿಕೊಂಡು,
ಅರ್ಚಾ ಮರದಿಂದ ತಾನೇ ಕೆತ್ತಿದ ಕಾಲು ಹಿಡಿದು.
ಒಂದು ಬೆರಳು ಉದ್ದ. ಅಳತೆ ನಾನೇ ಕಲಿಸಿದ್ದು,
ಯಾರನ್ನು ಬೈಯಲಿ?
ಅಂದಿನಿಂದ ಅದು ಓಲುತ್ತದೆ.
ಎಲ್ಲಿ ಒತ್ತಿದರೆ ವೃತ್ತ ಮುಚ್ಚಿಕೊಳ್ಳುತ್ತದೆಂದು
ಈ ಲೋಕದಲ್ಲಿ ನನ್ನೊಬ್ಬಳ ಹೆಬ್ಬೆರಳಿಗೆ ಗೊತ್ತು.
ಅಷ್ಟೇ ಕಾರಣ. ನಗಬೇಡ, ಅಥವಾ ನಗು, ಒಳ್ಳೆಯದೇ.

ಎರ್ಗೆಷ್ ಈಗ ನರಿನ್ ಪೇಟೆಗೆ ವ್ಯಾನು ಓಡಿಸುತ್ತಾನೆ,
ನನ್ನಿಂದ ಟಿಕೆಟ್ಟಿನ ದುಡ್ಡು ತೆಗೆದುಕೊಳ್ಳುತ್ತಾನೆ, ಪೂರ್ತಿ.
ಚಿಲ್ಲರೆ ಮಾತ್ರ ಎಂದೂ ತಪ್ಪಿಲ್ಲ.

ಗಂಟೆ ಆಯಿತು. ಕಪ್ಪು ಅಲ್ಲೇ ಇರಲಿ, ನಾನು ತೊಳೆಯುತ್ತೇನೆ.
ಕಾಗದವೂ ಜೇಬಿನಲ್ಲೇ ಇರಲಿ, ಬೆಚ್ಚಗೆ.
ಕೈವಾರ ತೆಗೆದುಕೊಂಡು ಹೋಗು.
ನಿನ್ನ ತರಗತಿಯ ಆ ಕುರಿ ಇದೆಯಲ್ಲ,
ಅವಳು ಅವನ ಮಗಳು.
ಕರೆದು ಹಲಗೆಯ ಮುಂದೆ ನಿಲ್ಲಿಸು, ಇದನ್ನು ಕೈಗೆ ಕೊಡು,
ಸುಮ್ಮನೆ ಕಿಟಕಿಯ ಕಡೆ ನೋಡುತ್ತ ನಿಲ್ಲು.

ಎಲ್ಲಿ ಒತ್ತಬೇಕೆಂದು ಮಾತ್ರ
ಹೇಳಬೇಡ.